ಮೀನು ತಿನ್ನದ ಎಂಜಿನಿಯರ್ರ ಗಾಳದ ದಾರ

ನಾನು ಓದು ನಿಲ್ಲಿಸಿದ್ದು ೧೯೮೬ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಅದೇ ವರ್ಷ ನಮ್ಮ ಎಂಜಿನಿಯರ್ರು ಮೈಸೂರಿನಲ್ಲಿ ಎರಡು ಡಿಗ್ರಿ ಮುಗಿಸಿ, ಮೂರನೆಯದಕ್ಕೆಂದು ಅಮೆರಿಕದ ವಿಮಾನ ಹತ್ತಿದ್ದರಂತೆ. ಇಬ್ಬರ ಕೈ ಪಕ್ಕಪಕ್ಕ ಇಟ್ಟರೆ ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನನ್ನ ಎಡಗೈ ಕಿರುಬೆರಳಿನ ತುದಿ ಹರಿಹರದ ಒಂದು ಲೇತ್ ಮಷೀನಿಗೆ ಹೋಗಿದೆ. ಉಳಿದವುಗಳ ಉಗುರಿನ ಸಂದಿಯ ಎಣ್ಣೆಗಪ್ಪು ಯಾವ ಸೋಪಿಗೂ ಬಿಡುವುದಿಲ್ಲ. ಅವರ ಬೆರಳುಗಳೋ ಉದ್ದ, ತೆಳು, ವೀಣೆ ನುಡಿಸುವವರ ಹಾಗೆ. ಬಲಗೈ ತೋರುಬೆರಳಿನ ಮಡಿಕೆಯಲ್ಲಿ ಮಾತ್ರ ಕೂದಲೆಳೆಯಷ್ಟು ಸಣ್ಣ ಗೀರೊಂದಿತ್ತು. ಗಾಳದ ದಾರ ಜಾರಿ ಜಾರಿ ಕೊರೆದ ಗೀರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಆ ಗೀರು ನೋಡಿದ ದಿನದಿಂದ.

ಕೊನೆಗೆ ನಾನೂ ಅಮೆರಿಕಕ್ಕೇ ಬಂದು ಸೇರಿದೆ. ರಾಚೆಸ್ಟರ್ ಹಿಲ್ಸ್‌ನ ನಮ್ಮ ಬಡಾವಣೆಯಲ್ಲಿ ಅವರದು ನಮ್ಮಿಂದ ನಾಲ್ಕನೇ ಮನೆ. ವಾರೆನ್‌ನಲ್ಲಿ ಕಾರು ಕಂಪನಿಯೊಂದರ ದೊಡ್ಡ ಎಂಜಿನಿಯರ್ ಆಗಿದ್ದು ರಿಟೈರಾದವರು. ನಾನೂ ವಾರೆನ್‌ಗೇ ಡ್ರೈವ್ ಮಾಡುತ್ತೇನೆ, ಆದರೆ ಕಾರಿನ ಭಾಗಗಳ ಅಚ್ಚು, ಅಂದರೆ ಡೈ, ಮಾಡುವ ಒಂದು ಶಾಪಿಗೆ. ನೆಲ ಗುಡಿಸುವುದರಿಂದ ಹಿಡಿದು ಫೋರ್‌ಮನ್ ಆಗುವತನಕ ಅಲ್ಲಿನ ಒಂದು ಕೆಲಸವನ್ನೂ ನಾನು ಬಿಟ್ಟಿಲ್ಲ. ಅವರ ಡಿಗ್ರಿ, ಅವರ ಇಂಗ್ಲಿಷು, ಡಾಕ್ಟರಾಗಿರುವ ಮಗಳು, ಇದಕ್ಕೆಲ್ಲ ನನಗೆ ಸಂಕಟವಿರಲಿಲ್ಲ. ಅವೆಲ್ಲ ಓದಿದ್ದಕ್ಕೆ ಸಿಕ್ಕಿದ್ದು. ಮೀನು ಓದಿದ್ದಕ್ಕೆ ಸಿಗುವಂಥದ್ದಲ್ಲವಲ್ಲ. ತುಂಗಭದ್ರೆಯ ಮಡುವಿನಲ್ಲಿ ಬೆಂಡು ಕಟ್ಟಿ, ಎರೆಹುಳ ಚುಚ್ಚಿ ಹತ್ತನೇ ವಯಸ್ಸಿಗೇ ಮನೆಯ ಸಾರಿಗೆ ಮೀನು ತಂದವನು ನಾನು. ಅವರು ಹುಟ್ಟಿನಿಂದ ಮೊಟ್ಟೆ ಕೂಡ ಮುಟ್ಟಿದವರಲ್ಲ.

ಆದರೂ ಕ್ಲಿಂಟನ್ ನದಿಯಲ್ಲಿ ಸ್ಟೀಲ್‌ಹೆಡ್ ಹಿಡಿಯುವ ಕನ್ನಡದವರು ಯಾರು ಅಂದರೆ ಎಲ್ಲರೂ ಅವರ ಮನೆ ಕಡೆ ಕೈ ತೋರಿಸುತ್ತಿದ್ದರು. ಸ್ಟೀಲ್‌ಹೆಡ್ ಅಂದರೆ ವಸಂತದಲ್ಲಿ ದೊಡ್ಡ ಕೆರೆಯಿಂದ ಹೊಳೆಗೆ ಏರಿ ಬರುವ ಬೆಳ್ಳಿ ಮೈಯ ಟ್ರೌಟ್. ಸಿಕ್ಕರೆ ಮೊಳಕ್ಕಿಂತ ಉದ್ದ, ಸಿಗದಿದ್ದರೆ ವರ್ಷವೆಲ್ಲ ಏನೂ ಇಲ್ಲ. ಅವರು ಹಿಡಿಯುತ್ತಿದ್ದರು, ನೀರಿನಿಂದ ಪೂರ್ತಿ ಎತ್ತದೆ ಕೊಕ್ಕೆ ಬಿಡಿಸುತ್ತಿದ್ದರು, "ಹೋಗಮ್ಮಾ, ಹೋಗು" ಅಂತ ಬಿಟ್ಟುಬಿಡುತ್ತಿದ್ದರು. ಆಮೇಲೆ ಮೂರು ಸಲ ಕೈ ತೊಳೆದು, ದಂಡೆಯ ಮೇಲೆ ಕೂತು ಸ್ಟೀಲ್ ಡಬ್ಬಿಯಿಂದ ಮೊಸರನ್ನ. ಹೊಳೆಯ ಬಟ್ಟೆ ಗರಾಜಿನಲ್ಲೇ ಬಿಚ್ಚಿಟ್ಟು, ಸ್ನಾನ ಮಾಡಿಯೇ ಒಳಗೆ ಬರಬೇಕು ಅನ್ನುವುದು ಅವರ ಹೆಂಡತಿಯ, ಅಂದರೆ ನಮ್ಮ ಆಂಟಿಯ ಕಾನೂನು. ಆದರೆ ಅವರ ಒಂದು ಅಭ್ಯಾಸ ಆಂಟಿಗೆ ಗೊತ್ತಿರಲಿಲ್ಲ. ಚಳಿಗೆ ಗಾಳದ ರಾಡಿನಲ್ಲಿ ದಾರ ಹಾಯುವ ಉಂಗುರಗಳಲ್ಲಿ ಐಸು ಕಟ್ಟಿಕೊಂಡರೆ ಅವರು ಉಂಗುರವನ್ನು ಬಾಯಲ್ಲಿಟ್ಟುಕೊಂಡು ಕರಗಿಸುತ್ತಿದ್ದರು. ಅಷ್ಟು ಮಡಿ ಮನುಷ್ಯ!

ನಾನು ಮೂರು ವಸಂತ ಆ ಹೊಳೆಯಲ್ಲಿ ನಿಂತೆ. ಒಂದು ಮೀನೂ ಇಲ್ಲ. ಎರಡನೇ ವರ್ಷದ ಯುಗಾದಿಗೆ ಪಕ್ಕದೂರು ನೋವೈಯ ದೇವಸ್ಥಾನದ ಊಟದ ಮನೆಯಲ್ಲಿ, ಎಲೆ ಮುಂದೆ ಕೂತ ಹುಬ್ಬಳ್ಳಿಯವನೊಬ್ಬ ಎಲ್ಲರಿಗೂ ಕೇಳುವ ಹಾಗೆ ಅಂದ: "ಏನ್ರೀ ಅಣ್ಣಾ, ತಿನ್ನದವರಿಗೆ ಸಿಗತಾವು, ತಿನ್ನಾವರಿಗೆ ಸಿಗವಲ್ವು! ನೀವೂ ಒಂದು ವರ್ಷ ಮೊಸರನ್ನ ಉಂಡು ನೋಡ್ರಿ." ಇಡೀ ಪಂಕ್ತಿ ನಕ್ಕಿತು. ಎಂಜಿನಿಯರ್ರು ನಗಲಿಲ್ಲ. ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಕೇಳಿದರು, ಅಷ್ಟೇ. ನಕ್ಕಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಆವತ್ತು ನನ್ನೊಳಗೇ ಒಂದು ಹಟ ಹಿಡಿದೆ. ಯಾರನ್ನೂ ಕೇಳದೆ ಒಂದು ಸ್ಟೀಲ್‌ಹೆಡ್ ಹಿಡಿಯಬೇಕು. ಅದನ್ನು ಆ ಮನುಷ್ಯ ಕಣ್ಣಾರೆ ನೋಡಬೇಕು.

ಕೇಳಬಾರದು, ಆದರೆ ಕದ್ದು ನೋಡಬಹುದಲ್ಲ. ಅವರು ಜಿಗ್ ಕಟ್ಟುವಾಗ ಮರದ ಮರೆಯಿಂದ ನೋಡುತ್ತಿದ್ದೆ. ಜಿಗ್ ಅಂದರೆ ಸೀಸದ ಸಣ್ಣ ತಲೆಯ ಕೊಕ್ಕೆ, ಅದಕ್ಕೊಂದು ಪುಕ್ಕದ ಕುಚ್ಚು. ಬೆಂಡಿನ ಕೆಳಗೆ ಇಳಿಬಿಟ್ಟು ಹರಿವಿನ ಜೊತೆ ತೇಲಿಬಿಡಬೇಕು. ಅವರದು ಗುಲಾಬಿ ಅಂದರೆ ನಾನೂ ಗುಲಾಬಿ ತರುತ್ತಿದ್ದೆ. ಬಿಳಿ ಅಂದರೆ ಬಿಳಿ. ಬಣ್ಣದ ಕುಚ್ಚುಗಳಲ್ಲಿ ಒಂದು ಡಬ್ಬಿ ತುಂಬಿತು. ದಾರದ ಬಗ್ಗೆ ಮಾತ್ರ ನನಗೆ ಅನುಮಾನವೇ ಬರಲಿಲ್ಲ. ಅವರದು ಹಸಿರು ಬಣ್ಣದ ಹೆಣೆದ ಲೈನು, ಅರ್ಧ ಹೊಳೆಗೆ ಕಾಣುವಂಥದ್ದು. ನನ್ನದು ನೀರಲ್ಲಿ ಕಾಣದೇ ಇರುವ ಫ್ಲೋರೊಕಾರ್ಬನ್ ಅನ್ನುವ ಪ್ಲಾಸ್ಟಿಕ್ ದಾರ, ರೀಲು ತುಂಬಾ ಅದೇ. ಮಡುವಿನಲ್ಲಿ ಕಲಿತವನು ನಾನು. ಬೆಂಡು ಕಾಲ ಬುಡದಲ್ಲಿ ನಿಂತಿರುತ್ತದೆ, ದಾರ ಮುಳುಗಿದಷ್ಟೂ, ಕಾಣದಷ್ಟೂ ಒಳ್ಳೆಯದು ಅನ್ನುವುದು ಅಲ್ಲಿನ ಲೆಕ್ಕ. ಇಷ್ಟು ಓದಿದವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಅಂತ ಒಳಗೊಳಗೇ ನಕ್ಕಿದ್ದೆ ಕೂಡ.

"ಮೀನು ಬೇಕಿದ್ರೆ ಅಂಗಡೀಲಿ ಸಿಗುತ್ತೆ ಕಣ್ರೀ," ಅನ್ನುತ್ತಿದ್ದಳು ಹೆಂಡತಿ. "ನಿಮಗೆ ಬೇಕಾಗಿರೋದೇ ಬೇರೆ."

ಮೂರನೇ ವಸಂತ, ಮಾರ್ಚ್ ಕೊನೆ. ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇಪ್ಪತ್ತೆಂಟು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ನಾನು ಒಂದು ಗಂಟೆಯಿಂದ ನಿಂತಿದ್ದೆ, ಅವರು ದಂಡೆಯ ಕಲ್ಲಿನ ಮೇಲೆ ಕೂತಿದ್ದರು. ಬಹಳ ಹೊತ್ತಾದರೂ ಏಳಲಿಲ್ಲ. ತಿರುಗಿ ನೋಡಿದರೆ ಅವರ ಕೈ ನಡುಗುತ್ತಿದೆ, ದಾರದ ತುದಿ ಕೊಕ್ಕೆಯ ಕಣ್ಣಿಗೆ ಹೋಗುತ್ತಿಲ್ಲ. ಚಳಿಯ ನಡುಕ ಅಲ್ಲ ಅದು.

"ಬಾರಪ್ಪ ಹರಿಹರ," ಅಂದರು. ನನ್ನನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಇದೊಂದು ಗಂಟು ಹಾಕಿಕೊಡು. ನನ್ನ ಕೈ ನನ್ನ ಮಾತು ಕೇಳ್ತಿಲ್ಲ."

ಮೂರು ವರ್ಷದಲ್ಲಿ ಮೊದಲು ಕೇಳಿದವರು ಅವರು! ನನ್ನ ಎದೆ ಒಂದು ಇಂಚು ಉಬ್ಬಿತು ಅಂತ ಹೇಳಲು ನಾಚಿಕೆಯಿಲ್ಲ. ದಾರ ಹಿಡಿದೆ. ಜಿಡ್ಡು ಹತ್ತಿತು.

"ಏನಿದು ಸಾರ್, ಹರಳೆಣ್ಣೆನಾ?"

"ಗ್ರೀಸು. ಲೈನು ತೇಲಬೇಕಲ್ಲಪ್ಪಾ. ನಿಂದು ಮುಳುಗುತ್ತೆ."

"ಮುಳುಗಿದ್ರೆ ಏನಾಯ್ತು? ಮೀನಿಗೆ ಕಾಣಲ್ಲ."

ಅವರು ವಾದ ಮಾಡಲಿಲ್ಲ. ಮೊಸರನ್ನದ ಡಬ್ಬಿಯ ಮುಚ್ಚಳದಲ್ಲಿ ಹೊಳೆ ನೀರು ತುಂಬಿದರು. ನನ್ನ ದಾರದ ಒಂದು ಚೂರು, ಅವರ ದಾರದ ಒಂದು ಚೂರು ಹಾಕಿದರು. ನನ್ನದು ಸೀದಾ ತಳಕ್ಕೆ ಹೋಗಿ ಕೂದಲಿನ ಹಾಗೆ ಬಿದ್ದುಕೊಂಡಿತು. ಅವರದು ಮೇಲೆಯೇ.

"ಇದು ನಿಮ್ಮ ಮಡು ಅಲ್ಲ ಕಣಯ್ಯಾ, ಓಡೋ ನೀರು," ಅಂದರು. "ರಾಡಿನಿಂದ ಬೆಂಡಿನತನಕ ಐವತ್ತು ಅಡಿ ದಾರ ನೀರಿನ ಮೇಲಿರುತ್ತೆ. ತೇಲ್ತಾ ಇದ್ರೆ ಎತ್ತಿ, ಹರಿವಿನ ಮೇಲ್ಗಡೆಗೆ ಮಲಗಿಸಬಹುದು. ಮುಳುಗಿದ್ದನ್ನ ಎತ್ತೋಕಾಗಲ್ಲ. ಹೊಳೆ ಅದನ್ನ ಹಿಡಕೊಂಡು ಬೆಂಡನ್ನ ಎಳೆಯುತ್ತೆ, ಕೆಳಗೆ ಜಿಗ್ಗು ಓರೆಯಾಗಿ ಓಡುತ್ತೆ. ಸುಮ್ಮನೆ ತೇಲಿ ಬರೋ ಊಟ ಓಡಿಹೋದ್ರೆ ಮೀನು ನಂಬುತ್ತಾ? ಕಾಣದ ದಾರ ಕೆಳಗಿನ ಎರಡು ಅಡಿಗೆ ಸಾಕು."

ನಾನು ಗಂಟು ಬಿಗಿಯುತ್ತಲೇ ಕೇಳಿದೆ. "ಮೂರು ವರ್ಷ ನೋಡ್ತಾ ಇದ್ರಲ್ಲ ಸಾರ್. ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಲಿಲ್ಲವಲ್ಲ." ಮುಚ್ಚಳದ ನೀರು ಚೆಲ್ಲಿದರು. "ಜಾಗ ಮಾತ್ರ ನೀನು ಸರಿಯಾಗಿ ಹಿಡೀತೀಯ. ನೀರು ನೋಡಿದ ಕೂಡಲೆ ಮೀನು ಇರೋ ಕಡೆ ಹೋಗಿ ನಿಲ್ತೀಯ. ನೀನು ಮನೆಗೆ ಹೋದಮೇಲೆ ನಾನು ಅಲ್ಲೇ ನಿಲ್ಲೋದು."

ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟರು.

"ಅಂದ್ರೆ, ನೀವು ಹಿಡಿದಿದ್ದೆಲ್ಲ ನಾನು ತೋರಿಸಿದ ಮೀನಾ?"

"ಎಲ್ಲಾ ಅಲ್ಲ," ಅಂದರು ಯೋಚಿಸಿ. "ಅರ್ಧ."

ಅವರ ಗಂಟನ್ನು ಪೂರ್ತಿ ಹಾಕಿಯೇ ಕೊಟ್ಟೆ. ಕೈಗೆ ಬಂದ ಕೆಲಸ ಅರ್ಧಕ್ಕೆ ಬಿಡುವವನಲ್ಲ ನಾನು. ಆಮೇಲೆ ರಾಡು ಮಡಿಸಿಕೊಂಡು ಕಾರು ಹತ್ತಿದೆ. ಆ ವರ್ಷ ಮತ್ತೆ ಹೊಳೆಗೆ ಇಳಿಯಲಿಲ್ಲ, ಅವರ ಮನೆಯ ಮುಂದೆ ಹೋಗುವಾಗ ಕಾರಿನ ವೇಗ ಕಡಿಮೆ ಮಾಡಲಿಲ್ಲ.

ಆದರೆ ತಲೆಯೊಳಗೆ ಆ ಮುಚ್ಚಳದ ನೀರು ಹಾಗೇ ಇತ್ತು. ಅವರು ಹೇಳಿದ್ದು ಸರಿ ಅನ್ನುವುದೇ ನನಗಾದ ದೊಡ್ಡ ಸಂಕಟ. ಸರಿ, ತೇಲುವ ದಾರವೇ ಬೇಕು. ಅವರದೇ ತಂದರೆ ನಾನು ಹಿಡಿದ ಮೀನೂ ಅವರದೇ ಆಗುತ್ತದೆ. ನಾನೇ ಆರಿಸಬೇಕು.

ಮೂರು ತರದ್ದು ತಂದೆ. ಶಾಪಿನಲ್ಲಿ ಊಟದ ಬಿಡುವಿಗೆ ಒಂದು ಬಕೆಟ್ಟಿನಲ್ಲಿ ಐಸ್ ನೀರು ಇಟ್ಟು, ಮೂರನ್ನೂ ಹಾಕಿ ಕಾದೆ. ಹೆಣೆದ ಲೈನು ತಾನಾಗಿಯೇ ತೇಲುತ್ತದೆ, ನಿಜ. ಆದರೆ ಎಳೆಎಳೆಯ ನಡುವೆ ನೀರು ಕುಡಿಯುತ್ತದೆ. ಕುಡಿದ ನೀರನ್ನು ರಾಡಿನ ಉಂಗುರಕ್ಕೆ ತಂದು ಸುರಿಯುತ್ತದೆ, ಚಳಿಗೆ ಅಲ್ಲೇ ಐಸು. ಅವರು ಉಂಗುರ ಬಾಯಲ್ಲಿಟ್ಟುಕೊಳ್ಳುತ್ತಿದ್ದದ್ದು ಇದಕ್ಕೇ! ಎರಡನೆಯದು ಸಣ್ಣ ನೈಲಾನ್. ಅದು ಮೈಮೇಲಿನ ಗ್ರೀಸು ಬೇಗ ಬಿಟ್ಟು ಅರ್ಧ ಗಂಟೆಗೇ ಕೆಳಗಿಳಿಯಿತು. ಮೂರನೆಯದು ಸ್ವಲ್ಪ ದಪ್ಪ, ನುಣುಪು ಮೈಯ ಹಳದಿ ನೈಲಾನ್. ಶಾಪಿನ ಮೈಕ್ರೋಮೀಟರಿನಲ್ಲಿ ಅದರ ದಪ್ಪವನ್ನು ಇಪ್ಪತ್ತು ಕಡೆ ಅಳೆದೆ. ಎಲ್ಲೂ ಉಬ್ಬುತಗ್ಗಿಲ್ಲ. ತೆಳ್ಳಗೆ ಗ್ರೀಸು ಸವರಿ ಬಿಟ್ಟದ್ದು ಶಿಫ್ಟ್ ಮುಗಿಯುವತನಕ ಮೇಲೆಯೇ ಇತ್ತು. ನೀರು ಕುಡಿಯುವುದಿಲ್ಲ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಇದೇ ಅಂತ ತೀರ್ಮಾನ ಮಾಡಿದೆ. ಯಾವ ಪುಸ್ತಕವೂ ನೋಡಲಿಲ್ಲ.

ಆ ಬೇಸಿಗೆಯಲ್ಲಿ ಅವರ ಮನೆ ಖಾಲಿಯಾಯಿತು. ಕೈಯ ನಡುಕ ಕಾಲಿಗೂ ಇಳಿದು, ಮಗಳು ಇಬ್ಬರನ್ನೂ ಶಿಕಾಗೋ ಹತ್ತಿರ ನೇಪರ್‌ವಿಲ್ಲಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಟ್ರಕ್ಕಿಗೆ ಸಾಮಾನು ಏರಿಸಲು ಹೋಗಿದ್ದೆ. ಅವರು ಹೊಳೆಯ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮುಂದಿನ ಏಪ್ರಿಲ್ಲಿನ ಒಂದು ಶನಿವಾರ, ಬೆಳಗ್ಗೆ ಎಂಟಕ್ಕೆ, ಹಳದಿ ದಾರವನ್ನು ಎತ್ತಿ ಹರಿವಿನ ಮೇಲ್ಗಡೆ ಮಲಗಿಸಿದೆ. ಬೆಂಡು ಯಾರ ಹಂಗೂ ಇಲ್ಲದ ಹಾಗೆ ನೆಟ್ಟಗೆ ನಿಂತು ತೇಲುತ್ತಾ ಬಂತು. ಇದ್ದಕ್ಕಿದ್ದ ಹಾಗೆ ಇಲ್ಲವಾಯಿತು. ಹದಿನೈದು ನಿಮಿಷ ಆ ಮೀನು ನನ್ನನ್ನು ದಂಡೆಯುದ್ದಕ್ಕೂ ಓಡಿಸಿತು. ಮೇಲೆ ಬಂದದ್ದೇ ತೂಗಿದೆ. ಒಂಬತ್ತು ಪೌಂಡು.

ಹೆಂಡತಿಗೆ ಫೋನ್ ಮಾಡಿ, "ಸಾರಿಗೆ ಕಾಯಬೇಡ," ಅಂದೆ. ಕೂಲರಿನಲ್ಲಿ ಐಸು ತುಂಬಿ, ಮೀನು ಮಲಗಿಸಿ, ಸೀದಾ ಹೈವೇ ಹಿಡಿದೆ. ನೇಪರ್‌ವಿಲ್ಲಿಗೆ ಮುನ್ನೂರು ಮೈಲಿ. ದಾರಿಯಲ್ಲಿ ಪೆಟ್ರೋಲಿಗೆ ಬಿಟ್ಟರೆ ಎಲ್ಲೂ ನಿಲ್ಲಿಸಲಿಲ್ಲ.

ಆಂಟಿ ಬಾಗಿಲು ತೆಗೆದು, ಕೂಲರ್ ನೋಡಿ ಎರಡು ಹೆಜ್ಜೆ ಹಿಂದೆ ಹೋದರು. "ಅಯ್ಯೋ, ಒಳಗೆ ಬೇಡಪ್ಪ! ಗರಾಜಿಗೆ ಹೋಗು, ಅವರನ್ನೇ ಕಳಿಸ್ತೀನಿ. ಮೊದಲು ಕಾಫಿ ಕುಡೀತೀಯಾ?"

"ಆಮೇಲೆ ಆಂಟಿ."

ಅವರು ವಾಕರ್ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. ಅರ್ಧ ಆಗಿಹೋಗಿದ್ದರು ಮನುಷ್ಯ. ಮುಚ್ಚಳ ತೆಗೆದೆ. ಬಹಳ ಹೊತ್ತು ನೋಡಿದರು. ನಡುಗುವ ಕೈ ಚಾಚಿ ಮೀನಿನ ಮೈಮೇಲೆ ಇಟ್ಟರು.

"ಎಷ್ಟು?"

"ಒಂಬತ್ತು ಪೌಂಡು."

"ನಂದು ಹನ್ನೊಂದಿತ್ತು."

"ಯಾರು ತೂಗಿದ್ರು ಸಾರ್? ನೀರಿಗೆ ಬಿಟ್ಟುಬಿಟ್ರಲ್ಲ!"

ನಕ್ಕರು. ಆಮೇಲೆ ನನ್ನ ಮುಖ ನೋಡದೆ, ಮೀನನ್ನೇ ನೋಡುತ್ತಾ ಕೇಳಿದರು. "ಲೈನು?"

ಹೇಳಬಾರದು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಆದರೆ ಕೇಳಿದರಲ್ಲ. ಜೇಬಿನಿಂದ ಒಂದು ಗಜ ಹಳದಿ ದಾರ ತೆಗೆದು ಅವರ ಬೆರಳಿಗೆ ಸುತ್ತಿದೆ. ಬಕೆಟ್ಟು, ಮೈಕ್ರೋಮೀಟರು, ಹೆಣೆದ ಲೈನು ನೀರು ಕುಡಿಯುವುದು, ಐಸು ಕಟ್ಟುವುದು, ಎಲ್ಲ ಹೇಳಿದೆ. ಅವರು ದಾರವನ್ನು ಎರಡು ಬೆರಳ ನಡುವೆ ಎಳೆದು ನೋಡಿದರು.

"ಹನ್ನೆರಡು ವರ್ಷ," ಅಂದರು, "ಹನ್ನೆರಡು ವರ್ಷ ಆ ಉಂಗುರ ಚೀಪಿದೀನಿ. ಈ ಬುದ್ಧಿ ನನಗೆ ಬರಲಿಲ್ಲವಲ್ಲ."

ನಾನು ಕೂಲರಿನ ಮುಚ್ಚಳ ಹಾಕಿದೆ.

"ಹೊಟ್ಟೆ ಉರೀತಿದೆ ಕಣಯ್ಯಾ," ಅಂದರು.

ನನಗೆ ಯಾರೂ ಸರ್ಟಿಫಿಕೇಟು ಕೊಟ್ಟವರಲ್ಲ. ಆವತ್ತು ಆ ಗರಾಜಿನಲ್ಲಿ ಕೊಟ್ಟರು ಅಂತ ತಿಳಿದುಕೊಂಡಿದ್ದೇನೆ. ಆಂಟಿ ತಂದ ಕಾಫಿಯನ್ನು ಇಬ್ಬರೂ ಅಲ್ಲೇ ನಿಂತು ಕುಡಿದೆವು.

ಅದೇ ವರ್ಷ ನವೆಂಬರಿನಲ್ಲಿ ಅವರು ಹೋಗಿಬಿಟ್ಟರು. ದಾರ ತೇಲಬೇಕು ಅನ್ನುವ ಮಾತು ಅವರದು, ಅದು ನನ್ನ ಮೇಲಿರುವ ಋಣ. ಹಾಗಂತ ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಿದೆ ಅಂದರೆ ಸುಳ್ಳು. ಆ ಹನ್ನೊಂದು ಪೌಂಡಿನ ಮೀನು ನಾನು ನಿಂತ ಜಾಗದ್ದೋ, ಅವರೇ ಹುಡುಕಿದ ಜಾಗದ್ದೋ ಅಂತ ಕೇಳಿಕೊಳ್ಳಲಿಲ್ಲವಲ್ಲ ಅನ್ನುವುದು ಈಗಲೂ ಚುಚ್ಚುತ್ತದೆ.

ಆರು ವರ್ಷವಾಯಿತು. ಈಗ ನನ್ನ ಹತ್ತಿರ ಎರಡು ರಾಡು, ನಾಲ್ಕು ರೀಲು ಹಳದಿ ದಾರ, ಬಣ್ಣದ ಜಿಗ್ಗುಗಳ ಒಂದು ಡಬ್ಬಿ ಇದೆ. ಹಿಡಿದ ಸ್ಟೀಲ್‌ಹೆಡ್ ಇಪ್ಪತ್ತಮೂರು. ಅವರು ನೋಡಿದ್ದು ಒಂದು.