ಒಡ್ಡಿಲ್ಲದ ಕೆರೆ

ಮಕ್ತಲ್ ಸೀಮೆಯ ಕುರುಬರಲ್ಲಿ ಉರುಕುಂದಪ್ಪ ಎಂಬ ಹೆಸರಿನವರು ಓಣಿಗಿಬ್ಬರು ಸಿಗುತ್ತಿದ್ದರು. ಒಡ್ಡಿಲ್ಲದ ಕೆರೆಯ ಉರುಕುಂದಪ್ಪ ಮಾತ್ರ ಒಬ್ಬನೇ.

ಅವನು ಹುಟ್ಟಿದ್ದು ಕೃಷ್ಣೆಯ ಆಚೆ, ಮಾನೋಪಾಡಿನ ಕಡೆ. ಹೆತ್ತವರು ಬೇಗ ಹೋದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇನ್ನೊಬ್ಬರ ಏಳು ಟಗರು ಹೊಡೆದುಕೊಂಡು ಕರ್ನೂಲಿನ ಸಂತೆಗೆ ಹೋದವನು ಅಲ್ಲಿಂದಲೇ ಪಲ್ಟನ್ನಿಗೆ ಸೇರಿಬಿಟ್ಟ. ಸಂತೆಯ ಬಾಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಜಮಾದಾರ ಕೇಳಿದ್ದು ಒಂದೇ ಮಾತು: ಹೇಸರಗತ್ತೆ ಒದ್ದರೆ ಅಳುತ್ತೀಯೋ? ಉರುಕುಂದಪ್ಪ ಇಲ್ಲವೆಂದ. ಅಷ್ಟಕ್ಕೆ ಅವನನ್ನು ಹಡಗು ಹತ್ತಿಸಿ ಇಟಲಿ ದೇಶದ ಲಡಾಯಿಗೆ ಕಳಿಸಿದರು.

ನಾಲ್ಕು ವರ್ಷ ಕಳೆದ ಮೇಲೆ ಕೃಷ್ಣಾ ಸ್ಟೇಷನ್ನಿನಲ್ಲಿ ಬಂದಿಳಿದ. ಮೈಮೇಲೆ ಒಂದು ಖಾಕಿ ಕೋಟು, ಹೆಗಲ ಮೇಲೆ ಹೋಗುವಾಗ ಇದ್ದ ಅದೇ ಕರಿ ಕಂಬಳಿ, ಮುಂದಿನ ಎರಡು ಹಲ್ಲು ಇಲ್ಲ. ಮಕ್ತಲ್ ದಾರಿಯಲ್ಲಿ ಕುರಿ ಮೇಯಿಸುತ್ತಿದ್ದ ಭೀಮಯ್ಯ ಆ ಕೋಟನ್ನು ನೋಡಿ ನಿಂತ. ಕಾಲ ಕೆಡುತ್ತಿತ್ತು. ನೂರಾ ನಲವತ್ತು ಕುರಿಯಿದ್ದವನಿಗೆ ಗಂಡುಮಕ್ಕಳಿಲ್ಲ, ಇದ್ದವಳು ಮೈಲಮ್ಮ ಒಬ್ಬಳೇ ಮಗಳು. ಇಂಥ ಕೋಟಿನವನು ಒಬ್ಬ ಹಟ್ಟಿಯಲ್ಲಿದ್ದರೆ ಒಳ್ಳೆಯದೆಂದು ಊಟಕ್ಕೆ ಕರೆದುತಂದ.

ಮೈಲಮ್ಮ ಅವನನ್ನು ಮೊದಲು ನೋಡಿದ್ದು ಆ ದಿನವೇ. ಓಣಿಯ ಉದ್ದಕ್ಕೂ ನೇಯಬೇಕಾದ ಕಂಬಳಿಯ ಹಾಸುನೂಲು ಎಳೆದು ಕಟ್ಟಿತ್ತು. ಅವಳು ಕುಂಚವನ್ನು ಹುಣಸೆಬೀಜದ ಗಂಜಿಯಲ್ಲಿ ಅದ್ದಿ ನೂಲಿಗೆ ಬಳಿಯುತ್ತಿದ್ದಳು. ಕಟ್ಟೆಯ ಮೇಲೆ ಅಪ್ಪ ಇದ್ದ. ನಾರಾಯಣಪೇಟೆ ಕಡೆಯ ಮದ್ದೂರಿನಿಂದ ಬಂದಿದ್ದ ಎಂಕಪ್ಪ ಮಾಮನೂ ಇದ್ದ. ಎಂಕಪ್ಪ ಅವಳ ತಾಯಿಯ ತಮ್ಮ, ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಅಕ್ಕನ ಮಗಳು ತನ್ನ ಹಕ್ಕು ಎಂದು ಕಾದು ಕೂತಿದ್ದ. ಅವನ ಬಾಯಲ್ಲಿ ಬರುವ ಮಾತೆಂದರೆ ಕುರಿಗಳ ಕಾಲುಬೇನೆ ಒಂದೇ. ಯಾವ ಕುರಿಗೆ ಯಾವ ಕಾಲಿನಲ್ಲಿ ಎಂಬುದನ್ನು ಒಂದೂ ಬಿಡದೆ ಹೇಳುತ್ತಿದ್ದ.

ಉರುಕುಂದಪ್ಪ ರೊಟ್ಟಿ ತಿಂದು, ನೀರು ಕುಡಿದು, ಹೇಳತೊಡಗಿದ.

"ಲಡಾಯಿ ಮುಗೀತ್ರಿ. ಸಾಹೇಬ ನಮ್ಮ ಎಂಟು ಮಂದಿಗೆ ಹತ್ತು ದಿನ ಸೂಟಿ ಕೊಟ್ಟ. ಮಿಲಾನೊ ಅಂಬೋ ಊರಾಗ ರೈಲು ಹತ್ತಿದ್ವಿ. ಆ ರೈಲು ಗುಡ್ಡದ ಹೊಟ್ಟ್ಯಾಗ ಹೊಕ್ತಿತ್ತು, ಹೊರಗ ಬರ್ತಿತ್ತು, ಮತ್ತ ಹೊಕ್ತಿತ್ತು. ಸೂಜಿ ಕೌದಿ ಹೊಲದಂಗ. ಒಂದ್ಸಲ ಹೊರಗ ಬಂದಾಗ ಕಿಡಿಕ್ಯಾಗ ನೋಡ್ತೀನಿ, ಬರೇ ನೀರು. ಕೋಮೊ ಅಂತಾರ ಆ ಕೆರಿಗೆ. ದಾಟಾಕ ಹರಗೋಲಲ್ಲ, ಹೊಗಿ ಬಿಡೋ ಹಡಗು. ಅದಕ್ಕೂ ಟಿಕೀಟು. ಹಡಗು ಸೀದಾ ಹೋಗಂಗಿಲ್ರಿ. ಈ ದಂಡಿಗೊಂದು ಊರು, ಆ ದಂಡಿಗೊಂದು ಊರು. ಮಜ್ಜಿಗಿ ಮಾರೋ ಮುದುಕಿ ಹಂಗ ಮನಿಮನಿಗೆ ನಿಂತು ನಿಂತು ಹೋಗತೈತಿ."

ಹಡಗಿನಲ್ಲಿ ಪಕ್ಕಕ್ಕೆ ಕೂತಿದ್ದ ಅಲ್ಲಿಯ ಒಬ್ಬ ಮುದುಕಿ ಅವನ ಕಂಬಳಿಯ ಅಂಚು ಹಿಡಿದು ಎರಡು ಬೆರಳಲ್ಲಿ ತಿಕ್ಕಿ ನೋಡಿದಳಂತೆ. ಹಲ್ಲಿನಿಂದ ಒಂದು ಎಳೆ ಕಚ್ಚಿ ನೋಡಿದಳಂತೆ. ಆಮೇಲೆ ತಲೆಯಾಡಿಸಿ, ಬುಟ್ಟಿಯಿಂದ ಕುರಿಹಾಲು ಹೆಪ್ಪುಗಟ್ಟಿಸಿ ಮಾಡಿದ ಗಟ್ಟಿಯೊಂದನ್ನು ತೆಗೆದು ಕೊಟ್ಟಳಂತೆ. "ಅಕಿನೂ ನಮ್ಮ ಪೈಕಿನೇ ರೀ" ಎಂದ ಉರುಕುಂದಪ್ಪ.

ಮೈಲಮ್ಮನ ಕುಂಚ ಒಂದೇ ಜಾಗದಲ್ಲಿ ನಿಂತು ಅಲ್ಲಿ ಗಂಜಿ ದಪ್ಪವಾಯಿತು.

ಭೀಮಯ್ಯ ಗಂಭೀರವಾಗಿ ಕೇಳಿದ: "ಆ ಕೆರಿಗೆ ಒಡ್ಡು ಯಾರು ಕಟ್ಟಿಸ್ಯಾರ?"

"ಒಡ್ಡು ಇಲ್ರಿ ಅದಕ."

"ಇಲ್ಲ ಅಂದ್ರ? ಒಡದೈತೇನು?"

"ಕಟ್ಟೇ ಇಲ್ಲ."

"ತೂಬು?"

"ತೂಬೂ ಇಲ್ಲ."

"ನೀರು ಬಿಡೋ ನೀರಗಂಟಿ?"

"ಯಾರೂ ಇಲ್ರಿ."

ಎಂಕಪ್ಪ ತೊಡೆ ತಟ್ಟಿಕೊಂಡು ನಕ್ಕ. "ಒಡ್ಡಿಲ್ಲ, ತೂಬಿಲ್ಲ, ನೀರಗಂಟಿ ಇಲ್ಲ. ಮತ್ತ ಆ ನೀರು ಹೆಂಗ ನಿಂತೈತೋ ತಮ್ಮಾ? ನಿನ್ನ ಮುಲಾಜಿಗೆ ನಿಂತೈತೇನು?"

ಓಣಿಗೆ ಓಣಿಯೇ ನಕ್ಕಿತು. ಅಲ್ಲಿದ್ದವರೆಲ್ಲ ಕೆರೆ ಕಂಡವರೇ. ಮಣ್ಣು ಹೊತ್ತು ಒಡ್ಡು ಏರಿಸಿದವರೂ ಇದ್ದರು. ಒಡ್ಡು ಒಂದು ಮೊಳ ಕುಸಿದರೆ ಕೆರೆಯ ಗತಿ ಏನಾಗುತ್ತದೆಂದು ಬಲ್ಲವರಿಗೆ ಹೀಗೂ ಹೇಳಬಹುದೇ? ಉರುಕುಂದಪ್ಪ ಕೋಟಿನ ಜೇಬಿನಿಂದ ಹಡಗಿನ ಟಿಕೀಟು ತೆಗೆದು ತೋರಿಸಿದ. ಅದು ಕೈಯಿಂದ ಕೈಗೆ ಹೋಗಿ ಕಟ್ಟೆಯ ತುದಿ ಮುಟ್ಟಿದಾಗ ಭೀಮಯ್ಯನ ಕುಂಟು ಮರಿಯೊಂದು ಅದನ್ನು ತಿಂದುಬಿಟ್ಟಿತು.

"ಸಾಕ್ಷೀನೂ ಹೋತು" ಎಂದ ಎಂಕಪ್ಪ. "ಲಡಾಯಿಯಾಗರ ಏನಾರ ಮಾಡೀಯೋ, ಅಲ್ಲೂ ಕೆರಿ ನೋಡ್ಕೋತ ಕುಂತಿದ್ದ್ಯೋ?"

ಉರುಕುಂದಪ್ಪ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡ. "ಹನ್ನೊಂದು ಜರ್ಮನ್ರನ್ನ ಹೊಡದೀನಿ" ಎಂದ.

ನಗು ನಿಂತುಹೋಯಿತು. ಭೀಮಯ್ಯ ಸರಿದು ಕೂತು ಜಾಗ ಬಿಟ್ಟುಕೊಟ್ಟ. ಯಾರೋ ಒಳಗೆ ಹೋಗಿ ಮಜ್ಜಿಗೆ ತಂದರು. ಮೈಲಮ್ಮ ಮಾತ್ರ ಒಂದನ್ನು ಗಮನಿಸಿದಳು. ಕೆರೆಯ ಬಗ್ಗೆ ಇವರು ಎಷ್ಟೊಂದು ಪ್ರಶ್ನೆ ಕೇಳಿದರು. ಹನ್ನೊಂದು ಹೆಣದ ಬಗ್ಗೆ ಒಂದೂ ಕೇಳಲಿಲ್ಲ. ಯಾವುದರಿಂದ ಹೊಡೆದೆ, ಎಲ್ಲಿ ಹೊಡೆದೆ, ಒಂದೇ ದಿನವೋ ಕಂತಿನ ಮೇಲೋ, ಏನೂ ಇಲ್ಲ.

ಭೀಮಯ್ಯ ಅವನನ್ನು ಹಟ್ಟಿಯಲ್ಲೇ ಇಟ್ಟುಕೊಂಡ. ಈ ಕೆಟ್ಟ ಕಾಲ ದಾಟಲಿ, ಮಗಳನ್ನು ಕೊಡುತ್ತೇನೆ ಎಂದು ಮಾತು ಕೊಟ್ಟ. ಮೈಲಮ್ಮ ಒಪ್ಪಿದಳೋ ಎಂದು ಕೇಳುವ ರೂಢಿ ಇರಲಿಲ್ಲ. ಕೇಳಿದ್ದರೆ ಅವಳು ಒಪ್ಪುತ್ತಿದ್ದದ್ದು ಜರ್ಮನ್ನರಿಗಲ್ಲ, ಕೆರೆಗೆ. ನೂಲು ಸುತ್ತುತ್ತ, ಯಾರೂ ಇಲ್ಲದಾಗ, ಅವನಿಂದ ಅದನ್ನು ತುಣುಕು ತುಣುಕಾಗಿ ಕೇಳಿಸಿಕೊಂಡಿದ್ದಳು.

ಹನ್ನೊಂದು ಎಂಬುದು ಊರಿಂದೂರಿಗೆ ಬೆಳೆಯಿತು. ನಾರಾಯಣಪೇಟೆಯ ಸಂತೆಯಲ್ಲಿ ಇಪ್ಪತ್ತೆರಡಾಯಿತು. ಗದ್ವಾಲಕ್ಕೆ ಹೋಗುವ ಹರಗೋಲಿನಲ್ಲಿ ನಲವತ್ತಾಯಿತು. ನಿಜಾಮನ ರಜಾಕಾರರ ಗಲಾಟೆಯ ವರ್ಷ ಒಂದು ಮಧ್ಯಾಹ್ನ ನಾಲ್ವರು ಬಂದೂಕಿನವರು ಕುರಿ ಎಳೆದುಕೊಂಡು ಹೋಗಲು ಅಡವಿಗೆ ಬಂದರು. ಯಾವ ಕಡೆಯವರೆಂದು ಆಗ ಕೇಳುವಂತಿರಲಿಲ್ಲ. ಬೇವಿನ ಗಿಡದ ಕೆಳಗೆ ಉರುಕುಂದಪ್ಪ ರೊಟ್ಟಿ ತಿನ್ನುತ್ತಿದ್ದ. "ನಲವತ್ತು ಮಂದೀನ ಕೊಂದೋನು ಇವನೇ ಏನು?" ಎಂದು ಅವರಲ್ಲೊಬ್ಬ ಕೇಳಿದ. ಉರುಕುಂದಪ್ಪನ ಬಾಯಲ್ಲಿ ರೊಟ್ಟಿ ತುಂಬಿತ್ತು, ಮುಂದಿನ ಹಲ್ಲಿಲ್ಲದೆ ಅದು ಬೇಗ ಕರಗುವಂತೆಯೂ ಇರಲಿಲ್ಲ. ಸುಮ್ಮನೆ ನೋಡಿದ. ಆ ಮೌನ ನಲವತ್ತು ಮಂದಿಯನ್ನು ಕೊಂದವನದೇ ಎಂದು ತಿಳಿದು ಅವರು ನೀರು ಬೇಡಿ ಕುಡಿದು ಹೊರಟುಹೋದರು.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಪೋಲೀಸ್ ಆಕ್ಷನ್ ಆಯಿತು. ಪೋಲೀಸರು ಬರುತ್ತಾರೆಂದು ಹಟ್ಟಿಯವರು ಐದು ದಿನ ಕುರಿಗಳನ್ನು ಹಳ್ಳದಲ್ಲಿ ಬಚ್ಚಿಟ್ಟರು. ಕೊನೆಗೆ ಬಂದವನು ಹಳೆಯ ಪಟವಾರಿಯೇ. ಟೊಪ್ಪಿಗೆ ಮಾತ್ರ ಹೊಸದು. ನಿಜಾಮನ ಆಳಿಕೆ ಮುಗಿಯಿತು ಎಂದು ಅವನೇ ಸಾರಿದ.

ಕಾಲ ತಿಳಿಯಾಗುತ್ತಲೇ ಎಂಕಪ್ಪ ಮದ್ದೂರಿನಿಂದ ಬಂದ.

"ಭಾವಾ, ಇನ್ನ ಕುರಿ ಕಾಯಾಕ ಸಿಪಾಯಿ ಯಾಕ? ಮೈಲೀನ ನನಗ ಕೊಡು. ಒಡ್ಡಿಲ್ಲದ ಕೆರಿ ನೋಡೀನಿ ಅಂಬೋ ಸುಳ್ಳುಗಾರಗ ಹೆಣ್ಣು ಕೊಟ್ರ ನಾಳೆ ಮಂದಿ ಏನಂದಾರು?"

"ಮಾತು ಕೊಟ್ಟೀನೋ."

"ಕೊಟ್ಟಿದ್ರ ಕೊಡು. ನಿಶ್ಚಯಕ ಹೆಂಗೂ ಕಂಬಳಿ ಹಾಸ್ತೀವಿ. ಭಂಡಾರ ಹಿಡದು ಆ ಕೆರಿ ಮಾತು ಹೇಳಲಿ. ಕಂಬಳಿ ಮ್ಯಾಲ ಅವನ ಬಾಯಾಗ ಒಂದು ಸುಳ್ಳು ಬಂದ್ರ ಹೆಣ್ಣು ನಂದು. ಬರಲಿಲ್ಲಂದ್ರ ಅವಂದು."

ಭಂಡಾರವೆಂದರೆ ಕುಲದೇವರು ಬೀರಪ್ಪನ ಮುಂದಿನ ಅರಿಶಿನಪುಡಿ. ಕರಿ ಕಂಬಳಿಯ ಮೇಲೆ ನಿಂತು ಅದನ್ನು ಅಂಗೈಯಲ್ಲಿ ಹಿಡಿದವನು ಸುಳ್ಳಾಡಿದರೆ ಏಳು ದಿನದಲ್ಲಿ ನಾಲಗೆ ಬಿದ್ದುಹೋಗುತ್ತದೆ ಎಂಬುದರಲ್ಲಿ ಆ ಸೀಮೆಯಲ್ಲಿ ಯಾರಿಗೂ ಎರಡನೆಯ ಮಾತಿರಲಿಲ್ಲ.

ಸೋಮವಾರ ಮುಂಜಾನೆ ಗುಡಿಯ ಮುಂದೆ ಜನ ಸೇರಿತು. ಪೂಜಾರಿ ಕುರುಮಯ್ಯ ಕಂಬಳಿ ಹಾಸಿದ. ಮೈಲಮ್ಮ ಹೆಂಗಸರ ನಡುವೆ ನಿಂತು ಸೆರಗಿನ ತುದಿಯನ್ನು ಗಂಟು ಹಾಕುತ್ತ, ಬಿಚ್ಚುತ್ತ ಇದ್ದಳು.

ಉರುಕುಂದಪ್ಪ ಕುಣಿಯುವವನ ಹಾಗೆ ಬಂದು ಕಂಬಳಿ ಹತ್ತಿದ. ಭಂಡಾರ ಹಿಡಿದು ಎಲ್ಲವನ್ನೂ ಹೇಳಿದ: ಗುಡ್ಡದ ಹೊಟ್ಟೆಯ ರೈಲು, ಹೊಗೆಯ ಹಡಗು, ಕಂಬಳಿಯ ನೂಲು ಕಚ್ಚಿದ ಮುದುಕಿ, ಬೇಸಿಗೆಯಲ್ಲೂ ಬರ್ಫು ಹೊತ್ತ ಗುಡ್ಡ. ಕೇಳದಿದ್ದದ್ದನ್ನೂ ಹೇಳಿದ. "ಆ ಕೆರಿ ಮ್ಯಾಲಿನ ಗಾಳಿ ಮುಂಜಾನಿ ಬಡಗಲಿಂದ ಬರತೈತಿ, ಮಧ್ಯಾಹ್ನದ ಮ್ಯಾಲ ತೆಂಕಲಿಂದ. ದಿನಾ ಹಂಗ."

"ಗಾಳಿಗೂ ಪಾಳಿ ಹಚ್ಚ್ಯಾರೇನು!" ಎಂದ ಎಂಕಪ್ಪ.

"ಮತ್ತ ಒಡ್ಡು?" ಎಂದು ಕುರುಮಯ್ಯ ಮೆಲ್ಲಗೆ ಕೇಳಿದ.

"ಇಲ್ಲ. ಬೀರಪ್ಪನ ಆಣಿ."

ಜನ ಅವನ ನಾಲಗೆಯನ್ನೇ ನೋಡಿದರು. ಅದು ಇದ್ದಲ್ಲೇ ಇತ್ತು. ಎಂಕಪ್ಪನ ಮುಖ ಇಳಿಯಿತು. ಮೈಲಮ್ಮ ಸೆರಗಿನ ಗಂಟು ಬಿಚ್ಚಿದಳು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಭೀಮಯ್ಯನಿಗೆ ಹೆಮ್ಮೆ ಉಕ್ಕಿತು. "ಈಗ ಅದನ್ನೂ ಹೇಳು ಅಳಿಯಾ! ಹನ್ನೊಂದು ಜರ್ಮನ್ರ ಮಾತು. ಭಂಡಾರ ಹಿಡದೇ ಹೇಳು, ಮದ್ದೂರಿನೋರೂ ಕೇಳಲಿ!"

ಉರುಕುಂದಪ್ಪ ಅಂಗೈ ನೋಡಿಕೊಂಡ. ಹಣೆಗೆ ಹಚ್ಚಿದ್ದ ಅರಿಶಿನ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ಮೈಲಮ್ಮ ಮತ್ತೆ ಗಂಟು ಹಾಕಿದಳು.

"ಮಾವಾ" ಎಂದ ಅವನು, "ಹನ್ನೊಂದು ಅಂಬೋದು ಖರೆ. ಜರ್ಮನ್ರಲ್ಲ, ಹೇಸರಗತ್ತಿ. ಅವಕ್ಕ ಹುಲ್ಲು ಹಾಕ್ತಿದ್ದೆ, ನೀರು ಕುಡಸ್ತಿದ್ದೆ. ನಾನು ಯಾರಿಗೂ ಹೊಡದಿಲ್ಲ. ನನಗ ಒಂದು ಹೊಡದೈತಿ" ಎಂದು ಹಲ್ಲಿಲ್ಲದ ಜಾಗ ತೋರಿಸಿದ.

ಭೀಮಯ್ಯ ಕೈಯಲ್ಲಿದ್ದ ಕೋಲು ಕೆಳಗೆ ಬಿಟ್ಟ. "ಎರಡು ವರ್ಷ ನನ್ನ ಕುರಿ ಹೇಸರಗತ್ತಿ ಮೇಸೋನ ಕೈಯಾಗ ಇದ್ವೇನೋ!"

"ಸುಳ್ಳುಗಾರ! ನಾ ಹೇಳಿರಲಿಲ್ಲೇನು?" ಎಂಕಪ್ಪ ಕುಣಿದ. "ಹೆಣ್ಣು ನಂದು!"

ಆಗ ಹೆಂಗಸರ ಗುಂಪಿನಿಂದ ಮೈಲಮ್ಮ ಮುಂದೆ ಬಂದಳು. ಹೆಣ್ಣು ಅಲ್ಲಿ ಮಾತಾಡುವಂತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಸುಮ್ಮನಿದ್ದರೆ ಸಾಯುವ ತನಕ ಕಾಲುಬೇನೆಯ ಮಾತು ಕೇಳಬೇಕೆಂಬುದೂ ಗೊತ್ತಿತ್ತು.

"ಮಾಮಾ, ಕಂಬಳಿ ಮ್ಯಾಲ ಸುಳ್ಳು ಬರಬಾರದು ಅಂದಿದ್ದಿ. ಬಂತೇನು?"

"ಕೆಳಗ ನಿಂತು ಹೇಳ್ಯಾನಲ್ಲ!"

"ಕೆಳಗ ನಿಂತು ನೀನೂ ಹೇಳೀ, ಮುನ್ನೂರು ಕುರಿ ಅದಾವ ಅಂತ. ಹತ್ತು ವರ್ಷಾತು, ವಯಸ್ಸು ಇಪ್ಪತ್ತೈದು ಅಂತೀ. ಬಾ, ಒಂದೀಟು ಮ್ಯಾಲ ಹತ್ತಿ ಹೇಳು."

ಕುರುಮಯ್ಯ ಭಂಡಾರದ ಬಟ್ಟಲನ್ನು ಎಂಕಪ್ಪನ ಕಡೆ ಚಾಚಿದ. ಎಂಕಪ್ಪನಿಗೆ ತಟ್ಟನೆ ಮದ್ದೂರಿನ ಕುರಿಗಳ ಕಾಲುಬೇನೆ ನೆನಪಾಯಿತು. ಔಷಧದ ಹೊತ್ತು ಮೀರುತ್ತದೆ ಎಂದು ಹೆಗಲ ಮೇಲೆ ಟವೆಲು ಹಾಕಿಕೊಂಡ. ಅವನೊಬ್ಬನೇ ಅಲ್ಲ, ಬಟ್ಟಲು ತಿರುಗಿದ ಕಡೆಯೆಲ್ಲ ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು. ಇಪ್ಪತ್ತೆರಡು ಎಂದು ಸಂತೆಯಲ್ಲಿ ಸಾರಿದ್ದ ಭೀಮಯ್ಯ ಎರಡು ಹೆಜ್ಜೆ ಸರಿದ. ಕಂಬಳಿಯ ಸುತ್ತ ಒಂದು ಮದುವೆಯ ಪಂಕ್ತಿ ಕೂರುವಷ್ಟು ಬಯಲಾಯಿತು.

"ಭೀಮಯ್ಯಾ" ಎಂದ ಕುರುಮಯ್ಯ, "ಇವನು ಬಂದಾಗ ಕುರಿ ಎಷ್ಟಿದ್ವು?"

"ನೂರಾ ನಲವತ್ತು."

"ಈಗ?"

"ನೂರಾ ತೊಂಬತ್ತೆರಡು" ಎಂದ ಭೀಮಯ್ಯ. ಹೇಳಿದ ಮೇಲೆ ಅವನೇ ಬೆರಳು ಮಡಿಸಿ ಲೆಕ್ಕ ಹಾಕಿದ. "ಜರ್ಮನ್ರನ್ನ ಕೊಂದೋನು ಬಂದಿದ್ರ ಇಷ್ಟು ಆಗ್ತಿದ್ದಿಲ್ಲ ಬಿಡು" ಎಂದು ಕೋಲು ಎತ್ತಿಕೊಂಡ. ಅಷ್ಟೇ ಒಪ್ಪಿಗೆ.

ಮದುವೆಯಾದ ಒಂಬತ್ತನೆಯ ದಿನ ಗಂಡಹೆಂಡಿರು ಮಾನೋಪಾಡಿನ ದೇವರಿಗೆ ಹೊರಟರು. ಕೃಷ್ಣಾ ಸ್ಟೇಷನ್ನಿಗೆ ಕರೆದೊಯ್ದು ಉರುಕುಂದಪ್ಪ ಅವಳಿಗೆ ಮೊದಲು ರೈಲು ತೋರಿಸಿದ. ಆಮೇಲೆ ಹೊಳೆಯ ದಂಡೆ ಹಿಡಿದು ನಡೆದು, ಗದ್ವಾಲದ ಕಡೆಗೆ ದಾಟುವ ಹರಗೋಲು ಹತ್ತಿದರು. ಎರಡು ಆಡು, ಒಂದು ಮೂಟೆ ಜೋಳ, ಇವರಿಬ್ಬರು, ಅಂಬಿಗರ ಬಾಲಯ್ಯ. ಹರಗೋಲು ಗಿರಗಿರನೆ ತಿರುಗುತ್ತ ನಡುಹೊಳೆಗೆ ಬಂತು.

"ಆ ಕೆರಿ ಇಷ್ಟು ಅಗಲ ಇತ್ತೇನು?" ಮೈಲಮ್ಮ ಕೇಳಿದಳು.

"ಇದಕ್ಕಿಂತ ಅಗಲ. ಇದು ಹೊಂಟೈತಿ, ಅದು ಕುಂತೈತಿ. ಅಷ್ಟೇ."

ಬಾಲಯ್ಯ ಹುಟ್ಟು ನಿಲ್ಲಿಸಿದ. "ಒಡ್ಡಿಲ್ಲದ ಕೆರಿಯವನು ನೀನೇ ಏನಪ್ಪಾ? ಅಂಥಾ ಕೆರಿ ಎಲ್ಲಾರ ಇರತೈತೇನು?"

"ಐತಿ" ಎಂದಳು ಮೈಲಮ್ಮ, ತಾನೇ ಹೋಗಿ ನೋಡಿ ಬಂದವಳ ಹಾಗೆ. "ಮುಂಜಾನಿ ಬಡಗಲ ಗಾಳಿ, ಮಧ್ಯಾಹ್ನ ತೆಂಕಲ ಗಾಳಿ. ನೀ ಹುಟ್ಟು ಹಾಕು."

ಬಾಲಯ್ಯ ಹುಟ್ಟು ಹಾಕಿದ. ನಾಲ್ಕು ಸುತ್ತು ತಿರುಗಿದ ಮೇಲೆ ಭಯಭಕ್ತಿಯಿಂದ ಕೇಳಿದ: "ನಲವತ್ತು ಜರ್ಮನ್ರನ್ನ ಕೊಂದೀ ಅಂತಲ್ಲ, ಹೆಂಗ ಕೊಂದ್ಯಪ್ಪಾ?"

ಉರುಕುಂದಪ್ಪ ಎದೆ ಸೆಟೆಸಿ ಕೂತ. ಕೋಟಿನ ಗುಂಡಿ ಹಾಕಿಕೊಂಡ. ಬಾಯಿ ತೆರೆದ.

ಮೈಲಮ್ಮ ಸೆರಗಿನ ತುದಿಯ ಗಂಟನ್ನು ಮುಂದಕ್ಕೆ ತಂದು ಬಿಚ್ಚತೊಡಗಿದಳು. ಒಳಗೆ ಹಳದಿ ಕಂಡಿತು. ಹೊರಡುವಾಗ ಕುರುಮಯ್ಯನಿಂದ ಒಂದು ಹಿಡಿ ಭಂಡಾರ ಬೇಡಿ ಕಟ್ಟಿಕೊಂಡಿದ್ದಳು.

"ಹೇಸರಗತ್ತಿ" ಎಂದ ಉರುಕುಂದಪ್ಪ. "ಹನ್ನೊಂದು ಇದ್ವು. ಹುಲ್ಲು ಹಾಕ್ತಿದ್ದೆ."