ಉಸ್ತಿನ್ಯಾಳ ಬಲಗೈ

ಉಸ್ತಿನ್ಯಾಳ ಬಲಗೈ ಬೆರಳುಗಳು ಪರಪಂಗಡಕ್ಕೆ ಸೇರಿಬಿಟ್ಟವು, ಏನು ಮಾಡುವುದು ಹೇಳಿ! ಚಳಿಗಾಲದಲ್ಲಿ ಒಣ ಈರುಳ್ಳಿಯನ್ನು ಜಡೆಯ ಹಾಗೆ ಹೆಣೆಯುತ್ತ ಕೂತಿದ್ದವಳಿಗೆ ಲಕ್ವ ಹೊಡೆಯಿತು. ತಾರ್ತು ಪಟ್ಟಣದ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಕಾಲು ನೆಟ್ಟಗಾಗಿತ್ತು, ಮಾತು ಮರಳಿತ್ತು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಚಿಟಿಕೆ ಉಪ್ಪು ಹಿಡಿದ ಹಾಗೆ ಕೂಡಿಕೊಂಡವು, ಬಿಡಿಸಿದರೂ ಮತ್ತೆ ಹಾಗೇ ಕೂಡುತ್ತಿದ್ದವು.

ಪೈಪ್ಸಿ ಸರೋವರದ ದಡದ ಈ ಹಳೆನಂಬಿಕೆಯವರು, ಅಂದರೆ ಹಳೆಯ ಕ್ರಮ ಬಿಡದ ಕ್ರೈಸ್ತರು, ಹಣೆ ಎದೆ ಹೆಗಲು ಮುಟ್ಟಿ ಶಿಲುಬೆ ಗುರುತು ಹಾಕುವುದು ಎರಡು ಬೆರಳು ಚಾಚಿ. ಮೂರು ಬೆರಳು ಕೂಡಿಸುವುದು ದಾರಿ ತಪ್ಪಿದವರ ಲಕ್ಷಣ. ಆ ಒಂದು ಬೆರಳಿಗಾಗಿ ಅವರ ಹಿರಿಯರು ಬೆಂಕಿಗೆ ಬಿದ್ದಿದ್ದಾರೆ, ನಾಡು ಬಿಟ್ಟು ಓಡಿ ಬಂದಿದ್ದಾರೆ.

"ಏನೇ, ಮುದಿ ವಯಸ್ಸಲ್ಲಿ ಆ ಕಡೆಯೋರ ಜೊತೆ ಸೇರ್ಕೊಂಡ್ಯಾ?" ಎಂದು ನೆರೆಮನೆಯ ಅಕುಲಿನಾ ನಕ್ಕಳು.

"ನಿನ್ನ ನಾಲಿಗೆಗೆ ಲಕ್ವ ಹೊಡಿಬೇಕಿತ್ತು ಕಣೇ!" ಎಂದಳು ಉಸ್ತಿನ್ಯಾ. ಬೈದಳೇನೋ ಸರಿ, ಆದರೆ ಒಳಗೊಳಗೇ ಹೆದರಿ ಸತ್ತಿದ್ದಳು. ಈಸ್ಟರ್ ಹತ್ತಿರ ಬರುತ್ತಿತ್ತು. ಪ್ರಾರ್ಥನಾಮಂದಿರದಲ್ಲಿ ಸಾಲಿನಲ್ಲಿ ನಿಲ್ಲಲು ಬಿಡುತ್ತಾರೋ ಇಲ್ಲವೋ? ಬಿಡದಿದ್ದರೆ ನಾಳೆ ಸತ್ತಾಗ ಮಣ್ಣಿಗಿಡಲು ಬರುವವರು ಯಾರು?

ನೋಡಿಕೊಳ್ಳಲು ಬಂದಿದ್ದವಳು ಮಗಳು ಲುಕೆರ್ಯಾ. ಅವಳು ಮದುವೆಯಾಗಿ ಮೂರು ಬೆರಳಿನವರ ಮನೆ ಸೇರಿದ ದಿನದಿಂದ ತಾಯಿ ಅವಳ ಜೊತೆ ಒಂದೇ ಮೇಜಿನಲ್ಲಿ ಉಂಡವಳಲ್ಲ. ಈಗ ಅದೇ ಮಗಳು ಚಮಚದಲ್ಲಿ ಗಂಜಿ ತಿನ್ನಿಸುತ್ತಿದ್ದಳು. ಉಸ್ತಿನ್ಯಾ ಕಣ್ಣು ಮುಚ್ಚಿ ನುಂಗುತ್ತಿದ್ದಳು. ಇದು ಪಾಪವೋ, ಅಲ್ಲವೋ? ಯಾರನ್ನು ಕೇಳುವುದು?

"ಅಮ್ಮ, ಬೆರಳಿಗೆ ದಾರ ಕಟ್ಲಾ?" ಎಂದಳು ಮಗಳು ಒಂದು ದಿನ. ಎರಡು ಬೆರಳನ್ನು ಒಂದು ಕಡ್ಡಿಗೆ ಬಿಗಿದು ಕಟ್ಟಿದಳು. ದಾರಿ ತಪ್ಪಿದವಳೇ ಸರಿಯಾದ ಶಿಲುಬೆ ಕಟ್ಟಿಕೊಡುವುದೆಂದರೆ! ಉಸ್ತಿನ್ಯಾಳಿಗೆ ತಲೆ ಕೆಟ್ಟುಹೋಯಿತು.

ಈಸ್ಟರ್ ದಿನ ಮಗಳ ತೋಳು ಹಿಡಿದು ಹೋದಳು. ಲುಕೆರ್ಯಾ ಬಾಗಿಲಲ್ಲೇ ನಿಂತಳು, ಹೊರಗಿನವರಿಗೆ ಅಷ್ಟೇ ಜಾಗ. ತಾಯಿ ಒಳಗೆ ಹೋಗಿ ಕೈ ಎತ್ತಿದಳು. ದಾರ ಜಾರಿ ಕಡ್ಡಿ ನೆಲಕ್ಕೆ ಬಿತ್ತು. ಎಲ್ಲರೆದುರು ಮೂರು ಬೆರಳು ಹಣೆ ಮುಟ್ಟಿದವು.

ಪ್ರಾರ್ಥನೆ ನಡೆಸುವ ಹಿರಿಯ ಲಾವ್ರೆಂತಿ ಓದು ನಿಲ್ಲಿಸಿ ಬಳಿಗೆ ಬಂದ. ಬೈಯಲಿಲ್ಲ, ಅವನ ಕಣ್ಣಲ್ಲೇ ನೀರಿತ್ತು.

"ಹೆದರ್ಬೇಡ ತಾಯಿ, ಬಾ, ಸಾಲಲ್ಲಿ ನಿಂತ್ಕೋ. ದೇವ್ರು ಬೆರಳು ನೋಡ್ತಾನಾ? ಮನಸ್ಸು ನೋಡ್ತಾನೆ."

ಬದುಕಿದೆ ಎನ್ನಿಸಬೇಕಿತ್ತು. ಆದರೆ ಉಸ್ತಿನ್ಯಾ ಸಾಲಿನ ಕಡೆ ಹೆಜ್ಜೆ ಇಡಲಿಲ್ಲ.

"ಮನಸ್ಸು ನೋಡ್ತಾನಾ? ಹಂಗಂತ ಯಾವಾಗಿಂದ, ಅಪ್ಪನೋರೆ? ಲುಕೆರ್ಯಾಳ ಕೂಸು ಸತ್ತಾಗ ಅದಕ್ಕೊಂದು ಶಿಲುಬೆ ಗುರುತು ಹಾಕ್ಲಾ ಅಂತ ನಿಮ್ಮನ್ನ ಕೇಳ್ದೆ. ಮೂರು ಬೆರಳಿನೋರ ಕೂಸು, ಹಾಕಬಾರ್ದು ಅಂದ್ರಿ. ಕೈ ಕಟ್ಕೊಂಡು ನಿಂತಿದ್ದೆ. ಆಗ ಈ ಬೆರಳು ನೆಟ್ಟಗಿದ್ವು."

"ಅದು... ಅದು ಬೇರೆ ತಾಯಿ."

"ಏನು ಬೇರೆ? ಹೇಳಿ!"

ಸಾಲಿನವರು ಸರಿದು ಅವಳಿಗೆ ಜಾಗ ಬಿಟ್ಟರು. ಅಲ್ಲಿಗೆ ಹೋಗಿ ನಿಲ್ಲಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಬಾಗಿಲ ಕಡೆ ತಿರುಗಿದಳು.

"ಲುಕೆರ್ಯಾ, ಆ ಕೂಸಿಗೆ ಏನು ಹೆಸರಿಟ್ಟಿದ್ರೇ?"