ಮಿಸೌರಿಯ ಬಾಟಲಿ, ಮೆಲಾಕಾದ ಮೂಗು

ಮಲೇಷಿಯಾದ ಮೆಲಾಕಾದಲ್ಲಿರುವ ಏಳೆಂಟು ಕನ್ನಡದ ಮನೆಗಳಲ್ಲಿ ಯಾರನ್ನಾದರೂ ಕೇಳಿ ನೋಡಿ, ಡಾಕ್ಟರ್ ಜಯರಾಮರ ಮೂಗಿನ ಬಗ್ಗೆ ಒಂದು ಗಂಟೆ ಮಾತಾಡುತ್ತಾರೆ. ಆ ಮೂಗಿನ ಕೆಳಗಿರುವ ಬಾಯಿಯ ಬಗ್ಗೆ ಕೇಳಿದರೆ ಎರಡು ಗಂಟೆ ಮಾತಾಡುತ್ತಾರೆ, ಆದರೆ ದನಿ ತಗ್ಗಿಸಿ.

ಜಯರಾಮರು ಹುಟ್ಟಿದ್ದು ಉಡುಪಿಯ ಕುಂಜಿಬೆಟ್ಟಿನಲ್ಲಿ, ಎಂಟು ಮೇಜಿನ ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ. ಹೋಟೆಲು ಅಪ್ಪನದು. ಮಗನಿಗೆ ಆರು ವರ್ಷ ತುಂಬುವ ಮೊದಲೇ ಅಪ್ಪ ಅವನನ್ನು ಸಾಂಬಾರಿನ ಕೊಪ್ಪರಿಗೆಯ ಹತ್ತಿರ ನಿಲ್ಲಿಸಿ, "ಬೇಳೆ ತಳ ಹಿಡಿದಿದೆಯಾ ನೋಡು ಮಗಾ" ಅನ್ನುತ್ತಿದ್ದರು. ಹುಡುಗ ಒಮ್ಮೆ ಮೂಸಿ ಹೇಳಿದರೆ ಮುಗಿಯಿತು, ಅಡುಗೆಯ ಭಟ್ಟರು ಎದುರಾಡುವ ಹಾಗಿಲ್ಲ. ಮುಂದೆ ಹುಡುಗ ಮಣಿಪಾಲದಲ್ಲಿ ಓದಿ, ಮೆಲಾಕಾದ ಒಂದು ಮೆಡಿಕಲ್ ಕಾಲೇಜಿಗೆ ಫಿಸಿಯಾಲಜಿ ಮೇಷ್ಟ್ರಾಗಿ ಬಂದ. ಹದಿನೆಂಟು ವರ್ಷವಾಯಿತು. ಅಪ್ಪನ ಹೋಟೆಲು ಮುಚ್ಚಿತು, ಮೂಗಿನ ಜಂಬ ಮಾತ್ರ ಮುಚ್ಚಲಿಲ್ಲ. ಮನೆಯಿರುವ ಹನ್ನೊಂದನೇ ಮಹಡಿಯಲ್ಲಿ ಲಿಫ್ಟಿನಿಂದ ಇಳಿಯುವಾಗಲೇ, "ಸ್ವರ್ಣಾ, ಇವತ್ತು ಹೊಸ ಇಂಗಿನ ಡಬ್ಬಿ ಒಡೆದಿದ್ದೀಯಲ್ಲ?" ಎಂದು ಹೆಂಡತಿಗೆ ಕೂಗುತ್ತಿದ್ದರು. ಚೌತಿಯ ದಿನ ಎಲ್ಲ ಮನೆಗಳಿಂದ ಬಂದ ಪಾತ್ರೆಗಳ ಮುಚ್ಚಳ ಮೊದಲು ಇವರ ಮುಂದೆ ತೆಗೆಯಬೇಕು. ದೇವರ ನೈವೇದ್ಯ ಆಮೇಲೆ.

ಆ ಮೂಗು ಈಗ ಇಲ್ಲ. ಅಂದರೆ ಮುಖದ ಮೇಲೆ ಇದೆ, ಕನ್ನಡಕ ಹೊರುವ ಕೆಲಸ ಚೆನ್ನಾಗಿಯೇ ಮಾಡುತ್ತಿದೆ. ವಾಸನೆ ಮಾತ್ರ ಕೊರೋನಾದ ಜೊತೆ ಹೊರಟುಹೋಯಿತು. ಬೇರೆಯವರಿಗೆಲ್ಲ ಎರಡು ತಿಂಗಳಲ್ಲಿ ವಾಪಸ್ಸು ಬಂತು, ಇವರಿಗೆ ಬರಲಿಲ್ಲ. ಕಾಲೇಜಿನ ತುಂಬ ಡಾಕ್ಟರುಗಳು, ಯಾರಿಗಾದರೂ ತೋರಿಸಬಹುದಿತ್ತು. ಹೋಗಲಿ, ಕಟ್ಟಿಕೊಂಡ ಹೆಂಡತಿಗಾದರೂ ಹೇಳಬಹುದಿತ್ತು. ಊಹುಂ! ಕುಂಜಿಬೆಟ್ಟಿನ ಮೂಗು ಕೆಟ್ಟಿತು ಅಂತ ಗೊತ್ತಾದರೆ ತನ್ನನ್ನು ಯಾರು ಕೇಳುತ್ತಾರೆ ಎಂಬ ಹೆದರಿಕೆ. ಬಾಯಿ ಮುಚ್ಚಿಕೊಂಡು ಕೂತರು, ಮೂಗಿನ ವಿಷಯದಲ್ಲಿ ಮಾತ್ರ.

ತಮಾಷೆ ನೋಡಿ, ಮೊದಲ ವರ್ಷದ ಮಕ್ಕಳಿಗೆ ವಾಸನೆಯ ನರ ಪರೀಕ್ಷಿಸುವುದನ್ನು ಹೇಳಿಕೊಡುವವರು ಇವರೇ. ನಾಲ್ಕು ಪುಟ್ಟ ಬಾಟಲಿ: ಲವಂಗದ ಎಣ್ಣೆ, ಪುದೀನ ಎಣ್ಣೆ, ಕಾಫಿ ಪುಡಿ, ಇಂಗು. "ಕಣ್ಣು ಮುಚ್ಚಿ. ಒಂದು ಹೊಳ್ಳೆ ಒತ್ತಿ ಹಿಡೀರಿ. ಏನು ವಾಸನೆ, ಹೇಳಿ." ಮಕ್ಕಳು ಕಣ್ಣು ಮುಚ್ಚಿರುತ್ತಿದ್ದರು, ಮೇಷ್ಟ್ರು ಬಾಟಲಿಯ ಮೇಲಿನ ಚೀಟಿ ಓದುತ್ತಿದ್ದರು. ಹೀಗೆ ಚೀಟಿಯ ಮೇಲೆ ಬದುಕು ಸಾಗಿತು.

ಒಮ್ಮೆ ಡುರಿಯನ್ ಹಣ್ಣಿನ ಕಾಲದಲ್ಲಿ ಸಿಕ್ಕಿಬೀಳುವುದರಲ್ಲಿದ್ದರು. ಲಿಫ್ಟಿನಲ್ಲಿ ಡುರಿಯನ್ ತರಬಾರದು ಅಂತ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದಾರೆ, ಆದರೂ ಒಂಬತ್ತನೇ ಮಹಡಿಯ ಲಿಮ್ ಅಂಕಲ್ ಎರಡು ಹಣ್ಣು ಚೀಲದಲ್ಲಿ ತಂದಿದ್ದರು. ಒಳಗಿದ್ದವರೆಲ್ಲ ಸೆರಗು, ಕರ್ಚೀಫು, ಅಂಗೈ ಹೀಗೆ ಸಿಕ್ಕಿದ್ದನ್ನು ಮೂಗಿಗೆ ಒತ್ತಿಕೊಂಡು ನಿಂತರೆ, ಜಯರಾಮರು ನಗುನಗುತ್ತಾ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. "ಸೀ, ಡಾಕ್ಟರ್ ಈಸ್ ರಿಯಲ್ ಮಲೇಷಿಯನ್ ಲಾ!" ಎಂದು ಲಿಮ್ ಅಂಕಲ್ ಬೆನ್ನು ತಟ್ಟಿದರು. ಪಕ್ಕದಲ್ಲಿ ನಿಂತಿದ್ದ ಸ್ವರ್ಣಲತಾ ಗಂಡನ ಮುಖವನ್ನೇ ನೋಡಿದರು. ಆಮೇಲಾಮೇಲೆ ಅವರಿಗೊಂದು ಅಭ್ಯಾಸವಾಯಿತು. ಮಧ್ಯಾಹ್ನ ಸಾರು ಬಡಿಸಿ, ಸೌಟು ಕೈಯಲ್ಲೇ ಹಿಡಿದುಕೊಂಡು, "ಹೇಗುಂಟು?" ಅನ್ನುವುದು. "ಆಹಾ, ಇಂಗಿನ ಘಮ ನೋಡು ಮಾರಾಯ್ತಿ!" ಅನ್ನುವರು ಇವರು. ಅವರು ಸೌಟು ಪಾತ್ರೆಗೆ ಹಾಕಿ ಒಳಗೆ ಹೋಗುವರು.

ಇಷ್ಟರಲ್ಲಿ ಮಿಸೌರಿ ಬಂತು. ಅಮೆರಿಕದ ಆ ರಾಜ್ಯದಲ್ಲಿ ಒಂದು ಸಮ್ಮೇಳನಕ್ಕೆ ಹೋಗಿದ್ದಾಗ ಬಂದವರನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ನದಿಯ ಪಕ್ಕದ ಒಂದು ದ್ರಾಕ್ಷಿ ತೋಟಕ್ಕೆ ಕರೆದೊಯ್ದರು. ನಾರ್ಟನ್ ಅನ್ನುವ ದ್ರಾಕ್ಷಿ, ಕಪ್ಪಗಿನ ವೈನು. ಗ್ಲಾಸು ಕೊಟ್ಟ ಹುಡುಗಿ ಏನೇನು ಪರಿಮಳ ಬರುತ್ತಿದೆ ಎಂದು ಕೇಳಿದಳು. ಜಯರಾಮರಿಗೆ ಬಂದದ್ದು ಹುಣಸೆ ನೀರು ಕುಡಿದಂಥ ಹುಳಿ, ಅಷ್ಟೇ. ಕಣ್ಣು ಬಾಟಲಿಯ ಬೆನ್ನ ಮೇಲೆ ಬಿತ್ತು. ಅಲ್ಲೊಂದು ಚೀಟಿ! "ಕಪ್ಪು ಚೆರ್ರಿ, ಹಳೆಯ ತೊಗಲು, ಕೊನೆಯಲ್ಲಿ ಸ್ವಲ್ಪ ಹೊಗೆ" ಎಂದು ಓದಿ ಒಪ್ಪಿಸಿದರು. ಎಂಥಾ ಅದ್ಭುತ ಮೂಗು ನಿಮ್ಮದು ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ, ಐವತ್ತಮೂರು ವರ್ಷದ ಮನುಷ್ಯನಿಗೆ ನಿಜವಾಗಿಯೂ ಅಳು ಬಂತು, ಸುಳ್ಳಲ್ಲ.

ಅಲ್ಲಿಂದ ಶುರುವಾಯಿತು ನೋಡಿ ವೈಭವ. ಅಮೆರಿಕಕ್ಕೆ ಯಾವ ಸಹೋದ್ಯೋಗಿ ಹೋದರೂ ಒಂದು ಬಾಟಲಿ ತರಬೇಕು. ಅದೂ ಎಲ್ಲರಿಗೂ ಗೊತ್ತಿರುವ ಕ್ಯಾಲಿಫೋರ್ನಿಯಾದ್ದು ಖಂಡಿತ ಬೇಡ. ಮಿಷಿಗನ್ನಿನ ರೀಸ್ಲಿಂಗ್ ವೈನು, ಟೆಕ್ಸಾಸಿನ ಬಯಲಿನದು, ಐಡಾಹೋದ ಕಣಿವೆಯದು. ಆಲೂಗಡ್ಡೆ ಬೆಳೆಯುವ ಊರಿನಲ್ಲೂ ವೈನು ಮಾಡುತ್ತಾರೆಂದು ಮೆಲಾಕಾದ ಕನ್ನಡಿಗರಿಗೆ ತಿಳಿದದ್ದು ಹೀಗೆ. ಯಾಕೆ ಇಂಥಾ ಮೂಲೆಮುಡುಕಿನ ವೈನು ಅಂತೀರೋ? ಆಸ್ಟ್ರೇಲಿಯಾದ್ದು ಇಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ, ಯಾರು ಬೇಕಾದರೂ ಕುಡಿದು ತಪ್ಪು ಹಿಡಿಯಬಹುದು. ಮಿಸೌರಿಯ ನಾರ್ಟನ್ ಹೇಗಿರಬೇಕೆಂದು ಇಲ್ಲಿ ಯಾವನಿಗೆ ಗೊತ್ತು? "ಅಮೆರಿಕ ಸರಕಾರ ಮೊಟ್ಟಮೊದಲು ಗುರುತಿಸಿದ ವೈನ್ ಸೀಮೆ ಯಾವುದು? ಕ್ಯಾಲಿಫೋರ್ನಿಯಾದ ನಾಪಾ ಅಲ್ಲ ಸ್ವಾಮಿ, ಮಿಸೌರಿಯ ಆಗಸ್ಟಾ!" ಎಂದು ಮೇಜು ಕುಟ್ಟುವರು. ಮೂಳೆ ಡಾಕ್ಟರ್ ಕೀರ್ತಿರಾಜ್, ಹುಟ್ಟಿದಾರಭ್ಯ ವಿಸ್ಕಿ ಬಿಟ್ಟು ಬೇರೆ ಕುಡಿದವರಲ್ಲ, ಅವರೂ ಗ್ಲಾಸು ತಿರುಗಿಸುತ್ತಾ "ತೊಗಲು ಉಂಟು ಡಾಕ್ಟ್ರೇ, ಖಂಡಿತ ತೊಗಲು ಉಂಟು" ಅನ್ನುವ ಮಟ್ಟಕ್ಕೆ ಬಂದರು. ಸ್ವರ್ಣಲತಾ ಆ ಗ್ಲಾಸುಗಳಿಗೆ ಬೇರೆ ಸ್ಪಂಜು ಇಟ್ಟಿದ್ದರು, ಅಷ್ಟೇ ಅವರ ಅಭಿಪ್ರಾಯ.

ಎಲ್ಲ ಸುಖವಾಗಿ ನಡೆಯುತ್ತಿದ್ದಾಗ ಜಯರಾಮರ ವಿಭಾಗಕ್ಕೇ ಇಂಚರ ಬಂದಳು. ಮೈಸೂರಿನ ಹುಡುಗಿ, ಹೊಸ ಲೆಕ್ಚರರ್, ಕೆಲಸ ಇನ್ನೂ ಖಾಯಂ ಆಗಿಲ್ಲ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ, "ಸರ್, ನಿಮಗೆ ನಾರ್ಟನ್ ಇಷ್ಟವಂತೆ! ನಾನು ಮಿಸೌರಿಯಲ್ಲಿ ಎರಡು ವರ್ಷ ಇದ್ದೆ. ವೀಕೆಂಡಲ್ಲಿ ಒಂದು ವೈನರಿಯಲ್ಲೇ ಪಾರ್ಟ್ ಟೈಮ್ ಕೆಲಸ ಮಾಡ್ತಿದ್ದೆ" ಅಂದಳು.

ಜಯರಾಮರು ಟೀ ಲೋಟ ಮೇಜಿಗಿಟ್ಟರು. ಇಡೀ ಭೂಮಂಡಲದಲ್ಲಿ ಇವಳಿಗೆ ಬೇರೆ ಊರು ಸಿಗಲಿಲ್ಲವೇ? ಪಕ್ಕದಲ್ಲಿದ್ದ ಕೀರ್ತಿರಾಜ್ ಸುಮ್ಮನಿರಬೇಕಲ್ಲ, "ಡಾಕ್ಟ್ರ ಹತ್ತಿರ ಒಂದು ನಾರ್ಟನ್ ಉಂಟು, ಭಾನುವಾರ ಊಟಕ್ಕೇ ತೆಗೆದುಬಿಡುವ!" ಎಂದು ತಮ್ಮ ಮನೆಯದೇ ಅನ್ನುವ ಹಾಗೆ ಆಹ್ವಾನ ಕೊಟ್ಟುಬಿಟ್ಟರು. ಆ ವಾರವೆಲ್ಲ ಜಯರಾಮರಿಗೆ ನಿದ್ದೆಯಿಲ್ಲ. ಹುಡುಗಿ ಒಂದು ಗುಟುಕು ಕುಡಿದು, ಇವರ ವರ್ಣನೆ ಕೇಳಿ, "ಅದಲ್ಲ ಸರ್" ಅಂದರೆ ಮುಗಿಯಿತು, ಹದಿನೆಂಟು ವರ್ಷದ ಮರ್ಯಾದೆ ಮೆಲಾಕಾದ ಸಮುದ್ರಕ್ಕೆ. ಬಾತ್ ರೂಮಿನಲ್ಲಿ ನಿಂತು ಚೀಟಿ ಬಾಯಿಪಾಠ ಮಾಡಿದರು.

ಬಾಟಲಿ ಒಂದೂವರೆ ವರ್ಷದಿಂದ ಸ್ಟೋರ್ ರೂಮಿನ ಅಟ್ಟದ ಮೇಲೆ ಮಲಗಿತ್ತು. ಆ ಕೋಣೆಯ ಸೆಖೆ ಹೇಗಿತ್ತೆಂದರೆ ಸ್ವರ್ಣಲತಾ ಅಲ್ಲಿಯೇ ಹಪ್ಪಳ ಒಣಗಿಸುತ್ತಿದ್ದರು. "ಫ್ರಿಜ್ಜಿನಲ್ಲಿಡಿ" ಎಂದು ಅವರು ಹೇಳಿದಾಗ, "ನಿನಗೆ ವೈನಿನ ಬಗ್ಗೆ ಎಂತ ಗೊತ್ತುಂಟು?" ಎಂದು ಗದರಿಸಿದ್ದರು.

ಭಾನುವಾರ ಮಧ್ಯಾಹ್ನ ಕೀರ್ತಿರಾಜ್ ಬಂದರು, ಇಂಚರ ಬಂದಳು. ಜಯರಾಮರು ಬಿರಡೆ ತೆಗೆದರು. ತೆಗೆದದ್ದೇ ತಡ, ಕೀರ್ತಿರಾಜ್ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದರು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಇಂಚರಳ ಕಣ್ಣಲ್ಲಿ ನೀರೇ ಬಂತು. ಇದ್ಯಾವುದೂ ಕಾಣದ ಜಯರಾಮರು ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಶುರುಮಾಡಿದರು: "ಕಪ್ಪು ಚೆರ್ರಿ... ಹಳೆಯ ತೊಗಲು... ಆಮೇಲೆ ಬರ್ತದೆ ನೋಡಿ, ಹೊಗೆ." ಒಂದು ಗುಟುಕು ಕುಡಿದರು. ಹುಳಿ ಸ್ವಲ್ಪ ಜಾಸ್ತಿಯೇ ಅನ್ನಿಸಿತು. ಚೀಟಿಯಲ್ಲಿ ಅದಕ್ಕೂ ಮಾತಿತ್ತು. "ಹುಳಿ ಎಷ್ಟು ಚುರುಕಾಗಿದೆ ಅಲ್ವಾ!"

ಇಂಚರ ಒಂದು ಗುಟುಕು ನುಂಗಿದಳು, ಪಾಪ, ಹರಳೆಣ್ಣೆ ನುಂಗಿದ ಹಾಗೆ. ಮುಂದಿನ ತಿಂಗಳು ಅವಳ ಕೆಲಸ ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕುವವರು ಯಾರು? ಇದೇ ಮೂಗಿನ ಯಜಮಾನರು. "ತುಂಬಾ... ತುಂಬಾ ಮಿಸೌರಿ ಥರಾನೇ ಇದೆ ಸರ್" ಅಂದಳು. "ಹೊಗೆ ಉಂಟು ಡಾಕ್ಟ್ರೇ" ಎಂದು ಕೀರ್ತಿರಾಜ್ ಕೆಮ್ಮಿದರು. ಜಯರಾಮರ ಎದೆಯಿಂದ ಬಂಡೆ ಇಳಿಯಿತು. ಗೆದ್ದೆ! ಸಾಕ್ಷಾತ್ ಮಿಸೌರಿಯೇ ಬಂದು ಒಪ್ಪಿಕೊಂಡಿತಲ್ಲ!

ಆ ಖುಷಿಯಲ್ಲೇ ಎಲೆ ಮುಂದೆ ಕೂತರು. ಸ್ವರ್ಣಲತಾ ಸಾರು ಬಡಿಸಿದರು. ವೈನಿನಿಂದ ಪಾರಾಗಿ ಅನ್ನ ಕಂಡ ಇಂಚರ ಆಸೆಯಿಂದ ಕಲಸಿ ಒಂದು ತುತ್ತು ತಿಂದಳು, ಇನ್ನೊಂದು ತುತ್ತು ತಿಂದಳು. ವೈನಿನ ಬಗ್ಗೆ ಎಷ್ಟು ಬೇಕಾದರೂ ಸುಳ್ಳು ಹೇಳಬಲ್ಲ ಹುಡುಗಿಗೆ ಸಾರಿನ ವಿಷಯದಲ್ಲಿ ಅದು ಹೊಳೆಯಲೇ ಇಲ್ಲ.

"ಆಂಟಿ, ಉಡುಪಿ ಕಡೆ ಸಾರಿಗೆ ಇಂಗು ಹಾಕಲ್ವಾ?"

ಜಯರಾಮರು ಹೋ ಎಂದು ನಕ್ಕರು. "ಎಂತ ಹೇಳ್ತೀಯಮ್ಮಾ! ಇಂಗಿನ ಘಮ ಲಿಫ್ಟಿನ ತನಕ ಹೊಡೀತಾ ಉಂಟು! ನಿನ್ನ ಮೂಗು ತೋರಿಸಬೇಕು ಯಾರಿಗಾದರೂ!"

ಕೀರ್ತಿರಾಜ್ ತಮ್ಮ ಸಾರನ್ನು ಮೂಸಿದರು, ಜಯರಾಮರನ್ನು ನೋಡಿದರು, ಆಮೇಲೆ ಮೇಜಿನ ತುದಿಯಲ್ಲಿದ್ದ ಬಾಟಲಿಯನ್ನು ನೋಡಿದರು. ಮೂಳೆ ಡಾಕ್ಟರಾದರೂ ಡಾಕ್ಟರೇ ತಾನೇ, ಅರ್ಥವಾಯಿತು. ಇಂಚರಳಿಗೂ ಆಯಿತು, ಅವಳು ಮುಖ ಬಗ್ಗಿಸಿದಳು.

"ಇಂಗು ಹಾಕ್ಲಿಕ್ಕೆ ಮರೆತದ್ದು ನಾನು," ಅಂದರು ಸ್ವರ್ಣಲತಾ. "ಪಾಯಸ ತರ್ತೇನೆ, ಇರಿ."

ಅತಿಥಿಗಳು ಪಾಯಸ ತಿಂದದ್ದೂ ಬೇಗ, ಹೊರಟದ್ದು ಅದಕ್ಕಿಂತ ಬೇಗ. ಮೂರು ಗಂಟೆಗೆ ಬಾಗಿಲು ಹಾಕಿ ಬಂದ ಸ್ವರ್ಣಲತಾ ಗಂಡನ ಎದುರು ಕೂತರು.

"ಆ ಬಾಟಲಿ ಉಂಟಲ್ಲ, ಅದು ವಿನೆಗರ್ ಆಗಿದೆ. ತೆಗೆದಾಗಲೇ ಅಡುಗೆಮನೆಗೆ ವಾಸನೆ ಬಂತು."

"ಎಲ್ಲರೂ ಚೆನ್ನಾಗಿದೆ ಅಂದರಲ್ಲ!"

"ಅವರೂ ನಿಮ್ಮ ಹಾಗೆಯೇ ಸುಳ್ಳು ಹೇಳಿದ್ದು."

ಸ್ವರ್ಣಲತಾ ಎದ್ದು ಹೋಗಿ ಇಂಗಿನ ಡಬ್ಬಿ ತಂದರು. "ಕಣ್ಣು ಮುಚ್ಚಿ" ಅಂದರು. ಹದಿನೆಂಟು ವರ್ಷ ಮಕ್ಕಳಿಗೆ ತಾವು ಹೇಳಿದ್ದ ಮಾತು. ಮುಚ್ಚಿದರು. ಮುಚ್ಚಳ ತೆಗೆದ ಸದ್ದು ಕೇಳಿತು, ಡಬ್ಬಿಯ ತಣ್ಣನೆಯ ಅಂಚು ಮೇಲ್ತುಟಿಗೆ ತಾಗಿತು. ಎದೆ ತುಂಬ ಉಸಿರೆಳೆದರು. ಅಪ್ಪನ ಹೋಟೆಲು, ಕೊಪ್ಪರಿಗೆ, ಒಗ್ಗರಣೆ ಎಲ್ಲ ನೆನಪಿಗೆ ಬಂತು, ವಾಸನೆ ಬರಲಿಲ್ಲ.

"ಎಂತ ವಾಸನೆ?"

ಏನು ಡಬ್ಬಿ ಅಂತ ಗೊತ್ತಿತ್ತು, ಹೇಳಿಬಿಡಬಹುದಿತ್ತು. ಹೇಳಲಿಲ್ಲ.

"ಎಂತದೂ ಇಲ್ಲ ಸ್ವರ್ಣಾ," ಅಂದರು. ಅಂದವರೇ ಅತ್ತರು. "ಮೂರು ವರ್ಷ ಆಯ್ತು. ಎಂತದೂ ಇಲ್ಲ."

ಸ್ವರ್ಣಲತಾ ಡಬ್ಬಿ ಮುಚ್ಚಿದರು. "ನನಗೆ ಎರಡು ವರ್ಷದಿಂದ ಗೊತ್ತುಂಟು. ಒಂದು ದಿನ ಇಂಗು ಮುಗಿದಿತ್ತು. ಹಾಕದೆ ಬಡಿಸಿದೆ, ನೀವು ಘಮ ಘಮ ಅಂತ ಹೊಗಳಿದ್ರಿ. ಮರುದಿನವೂ ಹಾಕ್ಲಿಲ್ಲ. ಇವತ್ತು ಕೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಇಂಗಿಲ್ಲ ಅಂತ ಒಂದು ಸಲ ಬೈದಿದ್ದರೆ ಸಾಕಿತ್ತು ನನಗೆ. ಯಾರಾದರೂ ಬಂದಾಗ ಮಾತ್ರ ನೆನಪು ಮಾಡಿ ಹಾಕುವುದು. ಇವತ್ತು ಕೈಗೆ ಮರೆತೇ ಹೋಯ್ತು."

ಜಯರಾಮರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ನಾಚಿಕೆಯಾಯಿತು, ಅದರ ಜೊತೆಗೇ ಹಗುರವೂ ಆಯಿತು.

"ಹೋಗಲಿ ಬಿಡು," ಅಂದರು. "ಇನ್ನು ಮೇಲೂ ಹಾಕಬೇಡ. ಹಾಕಿದರೂ ಬಿಟ್ಟರೂ ನನಗೆ ಒಂದೇ ಅಲ್ವಾ?"

ಸ್ವರ್ಣಲತಾ ಡಬ್ಬಿಯನ್ನು ಮೇಜಿನ ಮೇಲೆ ಕುಟ್ಟಿದರು.

"ನಿಮಗೆ ಒಂದೇ, ಸರಿ. ನನ್ನ ಮೂಗಿಗೆ ಎಂತ ಆಗಿತ್ತು? ಎರಡು ವರ್ಷ ನಾನೂ ಅದೇ ಸಾರು ಉಂಡದ್ದಲ್ಲವಾ ಮಾರಾಯ್ರೆ!"